ಸರಸ್ವತೀಬಾಯಿಯನ್ನು ಮಾತಾಡಿಸಲು ಬಂದ ಬಂಡೆಮ್ಮ

ಮನೆ ಮನೆ ತಿರುಗಿ ಪ್ರಶ್ನೆ ಕೇಳುವುದೇ ನನ್ನ ನೌಕರಿಯಾಗಿತ್ತು. ಎಮ್ಮೆ ಎಷ್ಟು, ಮಕ್ಕಳು ಎಷ್ಟು, ಒಲೆ ಯಾವುದು, ಕಕ್ಕಸು ಇದೆಯೋ ಇಲ್ಲವೋ ಎಂದು ಕೇಳಿ ಕೇಳಿ ಕಲಬುರಗಿ ಜಿಲ್ಲೆಯ ಧೂಳನ್ನೆಲ್ಲ ನುಂಗಿದವನು ನಾನು. ಇಂಥ ಕೆಲಸದಲ್ಲಿ ತಲೆ ಬೆಳ್ಳಗಾದವನಿಗೆ ಮನುಷ್ಯರ ಬಗ್ಗೆ ಬೆರಗು ಉಳಿಯುವುದು ಕಷ್ಟ. ಯಾರಾದರೂ ಯಾರನ್ನಾದರೂ ಹೊಗಳಿ ಕಣ್ಣರಳಿಸಿದರೆ ನಾನು ಮೂಗು ಮುರಿಯುತ್ತೇನೆ. ಆದರೆ ಕಮಲಾಪುರದ ಬಂಡೆಮ್ಮನ ಮಾತು ಬಂದರೆ ನನ್ನ ಬಾಯಿ ಬಂದ್. ಆಕೆಯನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಎರಡು ಸಾವಿರದ ಮೂರರ ಚಳಿಗಾಲ. ಬೇರೆ ಬೇರೆ ದೇಶಗಳ ಮುದುಕರ ಆರೋಗ್ಯವನ್ನು ಹೋಲಿಸಿ ನೋಡುವ ದೊಡ್ಡದೊಂದು ಸರ್ವೆ ನಮ್ಮ ಪಾಲಿಗೆ ಬಂತು. ರಷ್ಯಾದಲ್ಲಿ, ಘಾನಾದಲ್ಲಿ, ಮೆಕ್ಸಿಕೋದಲ್ಲಿ ಕೇಳುವ ಪ್ರಶ್ನೆಗಳನ್ನೇ ನಾವು ಕಮಲಾಪುರದಲ್ಲೂ ಕೇಳಬೇಕು. ಅವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸುವ ಕೆಲಸ ನನ್ನ ತಲೆಗೆ ಬಿತ್ತು. ನಮ್ಮ ಆಫೀಸು ಜಗತ್ ಸರ್ಕಲ್ಲಿನ ಹತ್ತಿರ ಒಂದು ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ. ಮನೆ ಅಲ್ಲಿಂದ ನಡೆದುಹೋಗುವಷ್ಟು ದೂರ.

ಮೊದಲ ಪ್ರಶ್ನೆಯೇ ನಮಗೆ ಕೈಕೊಟ್ಟಿತು. ನಿಮ್ಮ ಆರೋಗ್ಯ ಹೇಗಿದೆ? ನಮ್ಮ ಕಡೆ ಈ ಪ್ರಶ್ನೆಗೆ ಇರುವುದು ಒಂದೇ ಉತ್ತರ: ‘ಆರಾಮ್ ಅದೀನ್ರಿ.’ ಲಕ್ವಾ ಹೊಡೆದು ಹಾಸಿಗೆ ಹಿಡಿದವರೂ ಆರಾಮ, ಕೆಮ್ಮಿ ಕೆಮ್ಮಿ ಕಣ್ಣು ಮೇಲೆ ಮಾಡುವವರೂ ಆರಾಮ. ಮನೆಗೆ ಬಂದವರ ಮುಂದೆ ಮೊದಲ ಮಾತಿಗೇ ನೋವು ತೋಡಿಕೊಳ್ಳುವುದು ನಮ್ಮಲ್ಲಿ ಮರ್ಯಾದೆ ಅಲ್ಲ. ಬೇರೆ ಕೆಲವು ಕಡೆ ಗಟ್ಟಿಮುಟ್ಟಾಗಿ ಇರುವವರೂ ಗೊಣಗುತ್ತಾರಂತೆ. ಹಾಗಿದ್ದರೆ ಒಂದು ದೇಶದ ಆರಾಮವನ್ನು ಇನ್ನೊಂದು ದೇಶದ ಆರಾಮದ ಪಕ್ಕ ಇಟ್ಟು ಅಳೆಯುವುದು ಹೇಗೆ?

ಅದಕ್ಕೆ ಮೇಲಿನವರು ಒಂದು ಉಪಾಯ ಹೂಡಿದ್ದರು. ಎಲ್ಲ ದೇಶಗಳಲ್ಲೂ ಕೆಲವು ಕಲ್ಪಿತ ಮನುಷ್ಯರ ಕತೆ ಹೇಳಬೇಕು. ಇಂಥವರಿಗೆ ಇಂಥ ತೊಂದರೆ ಇದೆ, ನಿಮ್ಮ ಪ್ರಕಾರ ಅದು ಸ್ವಲ್ಪವೋ, ಬಹಳವೋ ಎಂದು ಕೇಳಬೇಕು. ಉತ್ತರ ಕೊಟ್ಟವರ ಅಳತೆಗೋಲು ಎಂಥದೆಂದು ಅದರಿಂದ ತಿಳಿಯುತ್ತದೆ. ಕತೆಯ ಜನರಿಗೆ ಆಯಾ ಊರಿನ ಹೆಸರು ಕೊಡಿ ಎಂದಿದ್ದರು. ಹೆಸರು ಹುಡುಕುತ್ತ ಕೂರುವ ಪುರುಸೊತ್ತು ಯಾರಿಗಿದೆ? ಕಣ್ಣು ಮಂಜಾದ ಮುದುಕಿಯ ಕತೆಗೆ ನಮ್ಮ ಮನೆಯಲ್ಲೇ ಇದ್ದ ನನ್ನ ಸೋದರತ್ತೆಯ ಹೆಸರು ಇಟ್ಟು ಮುಂದಕ್ಕೆ ಹೋದೆ. ಸರಸ್ವತೀಬಾಯಿ.

ಬಂಡೆಮ್ಮನ ಮನೆ ಕಮಲಾಪುರದಲ್ಲಿ, ಬೌದ್ಧರಾದ ದಲಿತರು ಇರುವ ಬೌದ್ಧರ ಓಣಿಯಲ್ಲಿತ್ತು. ವಯಸ್ಸು ಕೇಳಿದರೆ, “ರಜಾಕಾರರ ಗದ್ದಲದಾಗ ನಾ ಸೀರಿ ಉಡತಿದ್ದೆರಿ” ಎಂದಳು. ನಲವತ್ತೆಂಟರ ಆ ಗದ್ದಲದ ಮೇಲೆ ನಾವೇ ಲೆಕ್ಕ ಹಾಕಿಕೊಳ್ಳಬೇಕು. ನೆಲಕ್ಕೆ ಹತ್ತಿರದ ಸಣ್ಣ ಆಳು, ಬೆನ್ನು ಮಾತ್ರ ನೆಟ್ಟಗೆ. ಪರರ ಬಾಳೆತೋಟಗಳಲ್ಲಿ ಕೂಲಿ ಮಾಡುತ್ತ ಬೆಳೆದು, ಗಂಡ ಹೋದ ಮೇಲೆ ಅದೇ ಕೂಲಿಯಲ್ಲಿ ಮಗ ದತ್ತಪ್ಪನನ್ನು ಓದಿಸಿದವಳು. ದತ್ತಪ್ಪ ಈಗ ಕರೆಂಟಿನ ಆಫೀಸಿನಲ್ಲಿ ಲೈನ್‌ಮನ್. ದುಡಿಯುವ ಅಗತ್ಯ ಆಕೆಗೆ ಇರಲಿಲ್ಲ. ಆದರೂ ವಾರದ ಬಾಜಾರದಲ್ಲಿ ಗೋಣಿತಟ್ಟು ಹಾಸಿ ಕೆಂಪು ಬಾಳೆಹಣ್ಣು ಮಾರುವುದನ್ನು ಬಿಟ್ಟಿರಲಿಲ್ಲ. ಕಮಲಾಪುರದ ಕೆಂಪು ಬಾಳೆ ಎಂದರೆ ಸುಮ್ಮನೆ ಅಲ್ಲ. ದಪ್ಪ ಸಿಪ್ಪೆ, ಒಳಗೆ ಬೆಣ್ಣೆ. ಆದರೆ ಯಾವುದು ಇವತ್ತಿಗೆ, ಯಾವುದು ನಾಡಿದ್ದಿಗೆ ಎಂಬುದು ಸಿಪ್ಪೆ ನೋಡಿದರೆ ಹೊಸಬರಿಗೆ ತಿಳಿಯುವುದಿಲ್ಲ. ಬಂಡೆಮ್ಮ ಕೊಟ್ಟ ಹಣ್ಣು ತಪ್ಪುವುದಿಲ್ಲ ಎಂದು ಬಸ್ಸು ನಿಲ್ಲಿಸಿ ಒಯ್ಯುವ ಜನ ಇದ್ದರು.

ನಾನು ಹೋದಾಗ ಆಕೆ ಬಾಗಿಲ ಬಿಸಿಲಿನಲ್ಲಿ ಕೂತು ಹಣ್ಣಿನ ಚಿಪ್ಪುಗಳನ್ನು ಬಾಳೆನಾರಿನಿಂದ ಕಟ್ಟುತ್ತಿದ್ದಳು. ಆರೋಗ್ಯ ಹೇಗಿದೆ ಎಂದು ಕೇಳಿದೆ.

“ಆರಾಮ್ ಅದೀನ್ರಿ. ನೀವು ಆರಾಮ್ ಅದೀರಿ?”

ಕಣ್ಣಿನ ಪರೀಕ್ಷೆಗೆಂದು ಒಂದು ಹಾಳೆ ಇತ್ತು. ದೂರ ನಿಂತು ಅದನ್ನು ಎತ್ತಿ ಹಿಡಿದು, ಇದರಲ್ಲಿ ಏನು ಕಾಣುತ್ತದೆ ಎಂದೆ. ಬಂಡೆಮ್ಮ ನನ್ನ ದನಿ ಬಂದ ಕಡೆ ಮುಖ ತಿರುಗಿಸಿ, “ಚಲೊ ಅದರಿ” ಎಂದಳು. ಹತ್ತಿರ ಹೋಗಿ ನೋಡಿದೆ. ಎರಡೂ ಕಣ್ಣಪಾಪೆಗಳ ಮೇಲೆ ಬಿಳಿ ಪೊರೆ ಕಟ್ಟಿತ್ತು. ನಾರು ಗಂಟು ಹಾಕುತ್ತಿದ್ದದ್ದು, ಕಾಯಿ ಹಣ್ಣು ಬೇರ್ಪಡಿಸುತ್ತಿದ್ದದ್ದು ಎಲ್ಲವೂ ಬೆರಳು ಮತ್ತು ಮೂಗಿನಿಂದಲೇ.

“ಆಯಿ, ಕಣ್ಣಿಗಿ ಪೊರಿ ಬಂದದ. ದವಾಖಾನಿಗಿ ತೋರಸ್ರಿ” ಎಂದೆ.

“ಮೆಲ್ಲಗ ಮಾತಾಡ್ರಿ. ಮಗ ಒಳಗ ಉಣ್ಣಾಕತ್ತಾನ.” ಆಕೆ ದನಿ ಇಳಿಸಿದಳು. “ಅವಗ ಗೊತ್ತಾದ್ರ ನಾಳಿಗೇ ಬಾಜಾರ ಬಿಡಸ್ತಾನ. ಕುಂದ್ರವ್ವ ಮನ್ಯಾಗ ಅಂತಾನ. ಮನ್ಯಾಗ ಕುಂತು ಏನ ಮಾಡ್ಲಿ? ಬಾಜಾರದಾಗ ಕುಂತ್ರ ಹತ್ತು ಮಂದಿ ಹೆಸರ ಹಿಡಿದು ಕರೀತಾರ. ನನಗೇನಾಗ್ಯಾದ್ರಿ, ಆರಾಮ್ ಅದೀನಿ. ಮುಂದಿನದು ಕೇಳ್ರಿ.”

ಮುಂದಿನದು ಸರಸ್ವತೀಬಾಯಿಯ ಕತೆ. ಓದಿದೆ. ಸರಸ್ವತೀಬಾಯಿಗೆ ಎದುರು ಬಂದವರ ಮುಖ ಗುರುತು ಹತ್ತುವುದಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸಲು ಆಗುವುದಿಲ್ಲ. ಹೊರಗೆ ಒಬ್ಬಳೇ ಹೋಗಲು ಹೆದರುತ್ತಾಳೆ. ಆಕೆಯ ತೊಂದರೆ ಎಷ್ಟು?

ಬಂಡೆಮ್ಮನ ಕೈ ನಿಂತಿತು. “ಅಯ್ಯ, ಪಾಪ. ಭಾಳ ಅದ ಅಂತ ಬರಕೋರಿ. ಭಾಳಕ್ಕಿಂತ ಮ್ಯಾಲಿಂದು ಇದ್ರ ಅದು ಬರಕೋರಿ.” ಆಮೇಲೆ ಪ್ರಶ್ನೆ ಕೇಳುವ ಸರದಿ ಆಕೆಯದು. ಯಾರ ಪೈಕಿ, ಮಕ್ಕಳಿದ್ದಾರೆಯೇ, ಯಾರ ಮುಂದಾದರೂ ಹೇಳಿಕೊಂಡಿದ್ದಾಳೆಯೇ, ದವಾಖಾನೆಗೆ ಕರೆದೊಯ್ಯುವವರು ಇದ್ದಾರೆಯೇ. ಇನ್ನೂ ಓಣಿಯ ಅರ್ಧ ಮನೆ ಬಾಕಿ ಇದ್ದವು. ಎಲ್ಲಿಯವಳು ಎಂದಾಗ ಕಲಬುರಗಿಯವಳು ಎಂದು ಹೇಳಿ ಕೈ ತೊಳೆದುಕೊಂಡೆ.

ಹೊರಡುವಾಗ ನಿಯಮದಂತೆ ಆಫೀಸಿನ ವಿಳಾಸದ ಚೀಟಿ ಕೊಟ್ಟೆ. ಇವೇ ಪ್ರಶ್ನೆಗಳನ್ನು ರಷ್ಯಾದಂಥ ದೂರದ ದೇಶಗಳಲ್ಲೂ ಮುದುಕಿಯರಿಗೆ ಕೇಳುತ್ತಾರೆ ಎಂದೂ ಹೇಳಿದೆ.

“ಅಲ್ಲಿನೋರಿಗೂ ಕಣ್ಣು ಹೋಗ್ತಾವೇನ್ರಿ?”

“ಹೋಗ್ತಾವ ಆಯಿ. ಮೊಣಕಾಲೂ ನೋಯ್ತಾವ.”

ಬಂಡೆಮ್ಮ ಕೈಯಲ್ಲಿದ್ದ ಚಿಪ್ಪನ್ನು ಮಡಿಲಿಗೆ ಇಟ್ಟುಕೊಂಡು, ಕಾಣದ ಕಣ್ಣನ್ನು ಬಯಲಿನ ಕಡೆ ತಿರುಗಿಸಿ ಕೂತಳು. “ಅಷ್ಟ ದೂರ, ನಮ್ಮಂಗೇ ಮುದುಕೇರು” ಎಂದಳು. “ಎಷ್ಟ ಮಂದಿ ಇದ್ದೀವಲ್ರಿ ನಾವು.” ದೇವರ ಗುಡಿಯಲ್ಲಿ ಆಡುವ ದನಿ ಅದು. ಸರ್ವೆ ಶುರುವಾದಾಗಿನಿಂದ ನನಗೆ ಮಾತ್ರ ಆ ದೇಶಗಳು ಕಾಗದದ ಮೇಲಿನ ಹೆಸರಾಗಿದ್ದವು.

ಮುಂದಿನ ವಾರ ನಾನು ಆಫೀಸಿನಲ್ಲಿ ಕೂತಿದ್ದಾಗ ಕೆಳಗಿನ ಬಟ್ಟೆ ಅಂಗಡಿಯ ಇಮಾಮುದ್ದೀನ್ ಮೆಟ್ಟಿಲ ಬುಡದಿಂದ ಕೂಗಿದ: “ಜಯತೀರ್ಥ ಸಾಬ್, ಒಬ್ಬಾಕಿ ಅಜ್ಜಿ ಬಂದಾಳ. ಕೈ ಹಿಡೀತೀನಿ ಅಂದ್ರ ಬ್ಯಾಡಂತಾಳ.” ಬಗ್ಗಿ ನೋಡಿದರೆ ಬಂಡೆಮ್ಮ. ಒಂದು ಕೈ ಗೋಡೆಗೆ, ಇನ್ನೊಂದು ಕೈಯಲ್ಲಿ ಚೀಲ. ಒಂದೊಂದೇ ಮೆಟ್ಟಿಲನ್ನು ಕಾಲಬೆರಳಿನಿಂದ ಮುಟ್ಟಿ ನೋಡಿ ಹತ್ತುತ್ತಿದ್ದಳು. ಮೇಲೆ ಬಂದು ಉಸಿರು ಬಿಟ್ಟು ಹೇಳಿದಳು:

“ಸರಸ್ವತೀಬಾಯಿಗಿ ಮಾತಾಡಸಾಕ ಬಂದೀನ್ರಿ.”

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳಬೇಕು. ಒಬ್ಬರಿಗೆ ಹುಷಾರಿಲ್ಲ ಎಂಬ ಸುದ್ದಿ ಕಿವಿಗೆ ಬಿದ್ದ ಮೇಲೆ ಮಾತಾಡಿಸಲು ಹೋಗಲೇಬೇಕು. ಹೋಗದಿದ್ದರೆ ಆಡಿಕೊಳ್ಳುತ್ತಾರೆ. ಅದಕ್ಕಿಂತ ಹೆಚ್ಚಾಗಿ ಹೋಗದವರ ಮನಸ್ಸೇ ಅವರನ್ನು ಕೊರೆಯುತ್ತದೆ. ಬರಿಗೈಯಲ್ಲಿ ಹೋಗುವ ಹಾಗೂ ಇಲ್ಲ. ಬಂಡೆಮ್ಮನ ಚೀಲದಲ್ಲಿ ಕೆಂಪು ಬಾಳೆಹಣ್ಣಿನ ಚಿಪ್ಪು ಇತ್ತು. ಹೆಸರು ಕೇಳಿಯೇ ಆಕೆ ಸರಸ್ವತೀಬಾಯಿ ಬ್ರಾಹ್ಮಣರ ಪೈಕಿ ಎಂದು ತಿಳಿದಿದ್ದಳು. ರೊಟ್ಟಿ ಕಟ್ಟಿ ತಂದರೆ ತಿನ್ನುತ್ತಾರೋ ಇಲ್ಲವೋ, ಹಣ್ಣಿಗೆ ಏನೂ ಅನ್ನಲಿಕ್ಕಿಲ್ಲ ಎಂದು ಹಣ್ಣು ತಂದಿದ್ದಳು.

ಮಗ ಕೆಲಸಕ್ಕೆ ಹೋದ ಮೇಲೆ ಹೊರಟಿದ್ದಳಂತೆ. ಹುಮನಾಬಾದ್ ಕಡೆಯಿಂದ ಬರುವ ಬಸ್ಸನ್ನು ಸಪ್ಪಳದಿಂದ ಗುರುತಿಸಿ ಹತ್ತಿದ್ದಳು. ಕಲಬುರಗಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಚೀಟಿಯನ್ನು ಮುಂದೆ ಹಿಡಿದು, ಸಿಕ್ಕವರನ್ನು ಕನ್ನಡದಲ್ಲಿ ಒಮ್ಮೆ, ಉರ್ದುವಿನಲ್ಲಿ ಒಮ್ಮೆ ಕೇಳುತ್ತ, ಆಟೋ, ಸೈಕಲ್, ತಳ್ಳುಗಾಡಿಗಳ ನಡುವೆ ಜಗತ್ ಸರ್ಕಲ್ಲಿನವರೆಗೆ ನಡೆದಿದ್ದಳು. ಎರಡು ಕಣ್ಣು ನೆಟ್ಟಗಿರುವ ನಾನೇ ಅಲ್ಲಿ ರಸ್ತೆ ದಾಟಲು ತಡವರಿಸುತ್ತೇನೆ. ಆಕೆಗೆ ಬೆಳಕು ಮತ್ತು ಹೊಗೆಯಂಥ ಆಕಾರಗಳ ಹೊರತು ಏನೂ ಕಾಣುತ್ತಿರಲಿಲ್ಲ. ಕಾಗದದ ಮೇಲಿನ ಒಬ್ಬ ಮುದುಕಿಗೆ ಕಣ್ಣು ಕಾಣುವುದಿಲ್ಲ ಎಂದು ಕೇಳಿ, ಕಣ್ಣು ಕಾಣದ ಇನ್ನೊಬ್ಬ ಮುದುಕಿ ಇಷ್ಟು ದೂರ ಬಂದಿದ್ದಳು.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಆಯಿ, ಅದು ಕತಿ. ಕೇಳಾಕಂತ ಮಾಡಿದ್ದು” ಎಂದೆ.

“ಅಂದ್ರ ಆ ಹೆಸರಿನೋರು ಇಲ್ಲೇನ್ರಿ?”

“ಹೆಸರಿನಾಕಿ ನಮ್ಮ ಆತ್ಯಾ. ಮನ್ಯಾಗ ಅದಾಳ. ಆದ್ರ ಆಕೀ ಕಣ್ಣು ಚಲೊ ಅದಾವ.”

“ನಿಮಗ ಹ್ಯಾಂಗ ಗೊತ್ತ?”

“ಕೇಳಿದ್ರ ಆರಾಮ ಅಂತಾಳ.”

ಬಂಡೆಮ್ಮ ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. “ಆರಾಮ ಅಂತಾರ? ಹಂಗಾದ್ರ ನಡೀರಿ, ನೋಡೇ ಬಿಡೂಣು.”

ಆತ್ಯಾಳ ಬಗ್ಗೆ ಒಂದೆರಡು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನನ್ನ ತಂದೆಯ ಅಕ್ಕ, ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು. ಅಡುಗೆಮನೆ ಆಕೆಯ ರಾಜ್ಯ. ಮಡಿಯುಟ್ಟು ದೇವರ ನೈವೇದ್ಯ ಆಕೆಯೇ ಮಾಡಬೇಕು, ಇನ್ನೊಬ್ಬರು ಸೌಟು ಮುಟ್ಟಿದರೂ ಗಂಟುಮುಖ. ಇತ್ತೀಚೆಗೆ ಸಾರಿಗೆ ಉಪ್ಪು ಎರಡೆರಡು ಸಲ ಬೀಳುತ್ತಿತ್ತು. ವಯಸ್ಸಾಯಿತು, ಮರೆವು ಎಂದು ನಾವು ಸುಮ್ಮನೆ ಉಂಡು ಏಳುತ್ತಿದ್ದೆವು.

ಮನೆ ಮುಟ್ಟಿದಾಗ ಆತ್ಯಾ ಪಡಸಾಲೆಯ ಒಳಗಡೆ ಮಣೆಯ ಮೇಲೆ ಕೂತಿದ್ದಳು. ಬಂಡೆಮ್ಮ ಯಾರೂ ಹೇಳದೆ ಹೊಸ್ತಿಲ ಆಚೆ ಕೂತಳು. ನಾನು ಯಾರು, ಏತಕ್ಕೆ ಎಂದು ವಿವರಿಸಿದೆ. ಆತ್ಯಾ ಹುಬ್ಬು ಗಂಟಿಕ್ಕಿದಳು.

“ಯಾವ ಪೈಕಿ?”

“ಬೌದ್ಧರ ಓಣಿಯಾಕಿ ಇದ್ದೀನ್ರಿ ಬಾಯಾರ. ಬಂಡೆಮ್ಮ ಅಂತಾರ. ನಿಮಗ ಕಣ್ಣಿಂದು ತಕ್ಲೀಫ್ ಅದಂತ ಕೇಳಿ ಬಂದೀನಿ.”

ಆತ್ಯಾ ನಾಲ್ಕು ಮಾತು ಖಾರವಾಗಿ ಅಂದು ಎದ್ದುಹೋಗುತ್ತಾಳೆ, ಇಷ್ಟು ದೂರ ಬಂದ ಜೀವಕ್ಕೆ ನಾನೇ ಅವಮಾನ ಮಾಡಿಸಿದಂತಾಯಿತು ಎಂದುಕೊಂಡೆ. ಆದರೆ ಆತ್ಯಾ ಬೇರೆಯೇ ಕೇಳಿದಳು.

“ನಾ ಯಾರಂತನೂ ಗೊತ್ತಿಲ್ಲದೆ ಕಮಲಾಪುರದಿಂದ ಬಂದ್ಯಾ?”

“ಕೇಳಿದ ಮ್ಯಾಲ ಬರಬೇಕಲ್ರಿ. ಹಣ್ಣು ತಂದೀನಿ, ಮುಟ್ಟತೀರೋ ಇಲ್ಲೋ.”

“ಕೊಡು ಇಲ್ಲೆ” ಎಂದು ಆತ್ಯಾ ಹೊಸ್ತಿಲ ಹತ್ತಿರ ಸರಿದು ಕೈ ಚಾಚಿದಳು. ಬಂಡೆಮ್ಮ ಚಿಪ್ಪನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು. ಆತ್ಯಾಳ ಕೈ ಹಣ್ಣಿನ ಎಡಕ್ಕೆ ಹೋಗಿ ಗಾಳಿಯಲ್ಲಿ ನಿಂತಿತು. ಬಂಡೆಮ್ಮ ದನಿಯ ಗುರುತಿನ ಮೇಲೆ ಹಣ್ಣನ್ನು ಬಲಕ್ಕೆ ಸರಿಸಿದಳು. ಅಷ್ಟರಲ್ಲಿ ಆತ್ಯಾಳ ಕೈ ಇತ್ತ ಬಂತು, ಹಣ್ಣು ಅತ್ತ ಹೋಯಿತು. ಕೊಡುವ ಕೈಯೂ ಇಸಿದುಕೊಳ್ಳುವ ಕೈಯೂ ಹೊಸ್ತಿಲ ಮೇಲೆ ಒಂದನ್ನೊಂದು ಹುಡುಕುತ್ತಿದ್ದವು. ನಾನು ಕಂಬ ಹಿಡಿದು ನಿಂತು ನೋಡಿದೆ. ದಿನಾ ಎರಡು ಹೊತ್ತು ಈ ಕೈಯಿಂದ ಬಡಿಸಿಕೊಂಡು ಉಂಡವನಿಗೆ ಆಕೆಗೆ ಕಣ್ಣು ಕಾಣುವುದಿಲ್ಲ ಎಂಬುದು ಆ ಗಳಿಗೆಗೆ ಗೊತ್ತಾಯಿತು.

ಕಡೆಗೆ ಕೈಗೆ ಕೈ ತಗುಲಿತು. ಬಂಡೆಮ್ಮ ಥಟ್ಟನೆ ಹಿಂದೆಗೆಯಲು ಹೋದಳು. ಆತ್ಯಾ ಬಿಡಲಿಲ್ಲ. ಬಂಡೆಮ್ಮನ ಮಣಿಕಟ್ಟು, ಬೆರಳು, ಹಣ್ಣು ಎಲ್ಲವನ್ನೂ ಒಟ್ಟಿಗೆ ಹಿಡಿದು, “ನಿನಗೂ ಕಾಣಂಗಿಲ್ಲ” ಎಂದಳು.

“ಇಲ್ರಿ ಬಾಯಾರ.”

“ನನಗೂ ಕಾಣಂಗಿಲ್ಲ. ಯಾರ ಮುಂದೂ ಅಂದಿಲ್ಲ.”

ಆಮೇಲೆ ಆ ಇಬ್ಬರು ಆಡಿದ ಮಾತು ಕೇಳುತ್ತ ನಾನು ಮೂಗಿನ ಮೇಲೆ ಬೆರಳಿಟ್ಟುಕೊಂಡು ಕೂತೆ. ಒಗ್ಗರಣೆ ಆಗಿದ್ದು ಹೇಗೆ ತಿಳಿಯುತ್ತದೆ ಎಂದು ಬಂಡೆಮ್ಮ ಕೇಳಿದಳು. ಸಾಸಿವೆಯ ಸಪ್ಪಳ, ಇಂಗಿನ ವಾಸನೆ. ಅನ್ನ ಬೆಂದದ್ದು? ಮುಚ್ಚಳದ ಸದ್ದು ಬದಲಾಗುತ್ತದೆ. ಹಣ್ಣು ಯಾವ ದಿನಕ್ಕೆಂದು ನಿನಗೆ ಹೇಗೆ ಗೊತ್ತು? ತೊಟ್ಟಿನ ಹತ್ತಿರ ಒತ್ತಿ ನೋಡಿದರೆ ಹಣ್ಣೇ ಹೇಳುತ್ತದೆ. ಬಂದವರು ಯಾರೆಂದು? ಚಪ್ಪಲಿಯ ನಡಿಗೆ. ಉಪ್ಪು ಹಾಕಿದೆನೋ ಇಲ್ಲವೋ ಎಂಬುದೊಂದೇ ತಿಳಿಯುವುದಿಲ್ಲ ಎಂದು ಆತ್ಯಾ ಒಪ್ಪಿಕೊಂಡಳು. ನೈವೇದ್ಯದ ಅಡುಗೆ ರುಚಿ ನೋಡುವ ಹಾಗಿಲ್ಲವಲ್ಲ. ಇಬ್ಬರೂ ಸಣ್ಣ ಹುಡುಗಿಯರ ಹಾಗೆ ನಕ್ಕರು. ಇಷ್ಟು ವರ್ಷ ಒಂದೂ ತಟ್ಟೆ ಬೀಳಿಸದೆ, ಒಬ್ಬರಿಗೂ ಸುಳಿವು ಕೊಡದೆ, ಒಬ್ಬಳು ಅಡುಗೆಮನೆಯನ್ನು, ಇನ್ನೊಬ್ಬಳು ಬಾಜಾರವನ್ನು ಕತ್ತಲಲ್ಲೇ ನಡೆಸಿದ್ದರು. ನಮ್ಮ ಸರ್ವೆಯ ಅಳತೆಗಳೆಲ್ಲ ನನಗೆ ತೀರ ಸಣ್ಣವಾಗಿ ಕಂಡವು.

ದವಾಖಾನೆಗೆ ಹೋಗೋಣ ಎಂದೆ. ಆತ್ಯಾ ಕೂಡಲೇ ಬಿಗಿಯಾದಳು. ಕಣ್ಣು ಕಾಣುವುದಿಲ್ಲ ಎಂದು ಊರಿಗೆ ತಿಳಿದರೆ ಒಲೆಯ ಮುಂದಿನಿಂದ ಎಬ್ಬಿಸುತ್ತೀರಿ ಎಂಬುದು ಆಕೆಯ ಹೆದರಿಕೆ. ಬಂಡೆಮ್ಮನದೂ ಅದೇ, ಒಲೆಯ ಬದಲು ಗೋಣಿತಟ್ಟು.

“ನೀವು ತೋರಸ್ಕೋರಿ ಬಾಯಾರ. ನಾ ಬಾಜೂಕ ಕುಂದರತೀನಿ” ಎಂದಳು ಬಂಡೆಮ್ಮ.

“ಜಯ್ಯಾ, ಆಕಿ ಪಾಪ ಒಬ್ಬಾಕಿನ ಬಂದಾಳ. ಆಕೀಗಿ ತೋರಸು. ನಾ ಜೋಡಿ ಬರ್ತೀನಿ” ಎಂದಳು ಆತ್ಯಾ.

ನಾನು ಇಬ್ಬರಿಗೂ ಹೂಂ ಎಂದು ಆಟೋ ತಂದೆ. ಇದಕ್ಕಿಂತ ಜಾಣತನ ನಾನು ಜೀವನದಲ್ಲಿ ಇನ್ನೊಂದು ಮಾಡಿಲ್ಲ.

ಕಣ್ಣಿನ ದವಾಖಾನೆಯಲ್ಲಿ ನರ್ಸು ಬಂದು ಪೇಶಂಟ್ ಯಾರು ಎಂದಳು. ಆತ್ಯಾ ಬಂಡೆಮ್ಮನ ಕಡೆ ಕೈ ಮಾಡಿದಳು, ಬಂಡೆಮ್ಮ ಆತ್ಯಾಳ ಕಡೆ. ಆತ್ಯಾಳ ಬೆರಳು ನೇರವಾಗಿ ಗೋಡೆಯ ಪಕ್ಕದ ನೀರಿನ ಡ್ರಮ್ಮಿಗೆ ಗುರಿ ಇಟ್ಟಿತ್ತು. ನರ್ಸು ನನ್ನ ಮುಖ ನೋಡಿದಳು. ಇಬ್ಬರೂ ಎಂದು ಸನ್ನೆ ಮಾಡಿದೆ.

ಡಾಕ್ಟರು ಬಹಳ ಹೊತ್ತು ನೋಡಿದರು. ಆತ್ಯಾಳ ಎರಡೂ ಕಣ್ಣಿಗೆ ಪೊರೆ, ತೆಗೆದರೆ ಕಾಣುತ್ತದೆ. ಬಂಡೆಮ್ಮನ ಎಡಗಣ್ಣು ಒಳಗೆ ಒತ್ತಡ ಏರಿ ಆಗಲೇ ಹೋಗಿದೆ. ಬಲಗಣ್ಣು ಉಳಿಯಬಹುದು, ಆದರೆ ಇನ್ನು ತಡಮಾಡಿದರೆ ಅದೂ ಕೈತಪ್ಪುತ್ತದೆ. ಇದನ್ನು ಕೇಳಿದ ಮೇಲೂ ಬಂಡೆಮ್ಮ, “ಇರ್ಲಿ ಬಿಡ್ರಿ ಸಾಹೇಬರ, ನಾ ಆರಾಮ್ ಅದೀನಿ” ಎಂದು ಸೆರಗು ಸರಿಮಾಡಿಕೊಂಡು ಏಳಲು ಹೊರಟಳು. ನಾನು ಬೇಡಿಕೊಂಡೆ. ಡಾಕ್ಟರು ಗದರಿದರು. ಆಕೆ ನಗುತ್ತಲೇ ತಲೆ ಅಲ್ಲಾಡಿಸಿದಳು.

ಬೆಂಚಿನ ಮೇಲೆ ಕೂತಿದ್ದ ಆತ್ಯಾ ಆಕೆಯ ಸೆರಗಿನ ತುದಿ ಹಿಡಿದಳು. “ಬಂಡೆಮ್ಮ, ನೀ ನನ್ನ ಮಾತಾಡಸಾಕ ಬಂದಿ. ಈಗ ನಾ ನಿನ್ನ ಮನಿಗಿ ಬರಬೇಕೋ ಬ್ಯಾಡೋ?”

“ಬರಬೇಕಲ್ರಿ.”

“ನನಗ ಕಣ್ಣು ಬ್ಯಾಡೇನು ಬರಾಕ? ನನಗ ನಿನ್ನಂಗ ಧೈರ್ಯ ಇಲ್ಲ. ಹಂಗ ಬಂದಾಗ ನಿನಗ ನನ್ನ ಮಾರಿ ಕಾಣಬ್ಯಾಡೇನು? ನಾ ಮಾಡಸ್ಕೋತೀನಿ. ನೀ ಮಾಡಸ್ಕೊಳ್ಳಿಲ್ಲಂದ್ರ ನಾನೂ ಇಲ್ಲ.”

ಬಂಡೆಮ್ಮ ತನ್ನ ಕಣ್ಣನ್ನು ಬಿಟ್ಟುಕೊಡಲು ತಯಾರಿದ್ದಳು. ಇನ್ನೊಬ್ಬಳ ಕಣ್ಣನ್ನು ಹೇಗೆ ಬಿಟ್ಟುಕೊಡುತ್ತಾಳೆ? ಮತ್ತೆ ಬೆಂಚಿನ ಮೇಲೆ ಕೂತಳು.

ನಾನು ಫೋನು ಮಾಡಿಸಿದ್ದಕ್ಕೆ ದತ್ತಪ್ಪ ಸಂಜೆಯೊಳಗೆ ಬಂದ. ಕಂಬ ಹತ್ತಿ ಇಳಿದ ಬಟ್ಟೆಯಲ್ಲೇ ಓಡಿ ಬಂದಿದ್ದ. ಅವ್ವ ಮನೆಯಲ್ಲಿಲ್ಲ ಎಂದು ಊರೆಲ್ಲ ಹುಡುಕಿದ್ದನಂತೆ. ಡಾಕ್ಟರು ಹೇಳಿದ್ದು ಕೇಳಿ ಅವ್ವನ ಮುಂದೆ ನೆಲದ ಮೇಲೆ ಕೂತುಬಿಟ್ಟ.

“ನನ್ನ ಮುಂದ ಯಾಕ ಹೇಳಿಲ್ಲವ್ವಾ?”

“ಹೇಳಿದ್ರ ಬಾಜಾರಕ್ಕ ಬಿಡತಿದ್ದೇನು?”

ದತ್ತಪ್ಪ, “ಬಿಡತಿದ್ದಿಲ್ಲ” ಎಂದ. ಆಮೇಲೆ ಅವ್ವನ ಕಾಲು ಹಿಡಿದು, “ಇನ್ನ ಬಿಡ್ತೀನಿ. ನಿನ್ನ ಜಾಗಾ ನಿಂದೇ. ಕಣ್ಣು ಮಾಡಸ್ಕೋ” ಎಂದ. ಅಳು ಆತನಿಗೂ ಬಂತು, ನನಗೂ ಬಂತು. ಅಳದೆ ಕೂತಿದ್ದವರು ಮುದುಕಿಯರು ಇಬ್ಬರೇ.

ಮರುದಿನ ಆತ್ಯಾಳದು, ಅದರ ಮರುದಿನ ಬಂಡೆಮ್ಮನದು ಆಪರೇಷನ್ ಆಯಿತು. ಬಂಡೆಮ್ಮನ ಕಣ್ಣಿಗೆ ಪಟ್ಟಿ ಕಟ್ಟುವಷ್ಟರಲ್ಲಿ ಆತ್ಯಾಳನ್ನು ಕಣ್ಣಿನ ಪಟ್ಟಿಯ ಸಮೇತ ಮನೆಗೆ ಕಳಿಸಿದ್ದರು. ಹೀಗಾಗಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲೇ ಇಲ್ಲ. ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಾಗ ಬಂಡೆಮ್ಮ ನನ್ನನ್ನು ಒಂದು ಮಾತು ಕೇಳಿದಳು: “ಸಾಹೇಬರ, ಆ ರಷ್ಯಾದಾಕಿಗಿ ಮಾತಾಡಸಾಕ ಯಾರರ ಹೋಗ್ಯಾರೇನ್ರಿ?” ಗೊತ್ತಿಲ್ಲ ಎಂದೆ. “ದೂರ ಭಾಳ ಅದ, ಇಲ್ಲಾಂದ್ರ…” ಎಂದಳು. ತಮಾಷೆಗೆ ಹೇಳಿದ್ದಲ್ಲ. ಬಸ್ಸು ಇದ್ದಿದ್ದರೆ ಆಕೆ ಹೋಗುತ್ತಿದ್ದಳು ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಕಣ್ಣಿನ ಹನಿ ಹಾಕುವ ದಿನಗಳು ಮುಗಿದು, ಡಾಕ್ಟರು ಹೊರಗೆ ತಿರುಗಾಡಬಹುದು ಎಂದ ಮೇಲೆ ಆತ್ಯಾ ಹಟ ಹಿಡಿದಳು. ವಾರದ ಬಾಜಾರದ ದಿನವೇ ಕಮಲಾಪುರಕ್ಕೆ ಹೋಗಬೇಕು. ಕೈಯಲ್ಲಿ ಡಬ್ಬಿ, ಅದರಲ್ಲಿ ತಾನೇ ಕಟ್ಟಿದ ಬೇಸನ್ ಉಂಡೆ. ಯಾರಿಗಾದರೂ ಮನೆಯ ತಿನಿಸು ಕೊಟ್ಟು ಬರುವ ಪದ್ಧತಿ ಹಿಂದಿನಿಂದ ಇತ್ತು. ಆದರೆ ಬೌದ್ಧರ ಓಣಿಗೆ ತಾನೇ ಹೊತ್ತುಕೊಂಡು ಹೊರಟದ್ದು ಇದೇ ಮೊದಲು. ಬಸ್ಸಿನ ಕಿಟಕಿಯ ಪಕ್ಕ ಕೂತು ತೊಗರಿ ಹೊಲ, ಕಲ್ಲುಗುಡ್ಡ, ಅಂಗಡಿಯ ಬೋರ್ಡು, ಕಂಡದ್ದನ್ನೆಲ್ಲ ಮಕ್ಕಳ ಹಾಗೆ ಹೆಸರು ಹಿಡಿದು ಹೇಳುತ್ತ ಬಂದಳು.

ಬಾಜಾರದಲ್ಲಿ ಬಾಳೆಹಣ್ಣಿನವರ ಸಾಲು ಉದ್ದಕ್ಕಿತ್ತು. ಕೆಂಪು ಹಣ್ಣಿನ ಗುಡ್ಡೆಗಳು, ಹಿಂದೆ ಮುದುಕಿಯರು. ಬಂಡೆಮ್ಮ ಯಾರೆಂದು ನನಗೆ ಕಂಡಿತು. ಹೇಳಲು ಬಾಯಿ ತೆರೆದರೆ ಆತ್ಯಾ ಕೈಯಿಂದ ತಡೆದಳು. ಒಬ್ಬೊಬ್ಬರ ಮುಖವನ್ನೂ ಹೊಸ ಕಣ್ಣಿನಿಂದ ನೋಡುತ್ತ ಸಾಲಿನ ಆ ತುದಿಗೆ ಹೋದಳು, ತಿರುಗಿ ಬಂದಳು. ಬಂಡೆಮ್ಮನ ಮುಂದೆಯೇ ಎರಡು ಸಲ ದಾಟಿದಳು. ಬಂಡೆಮ್ಮ ಒಂದೇ ಕಣ್ಣಿನಿಂದ ಆಕೆಯನ್ನು ನೋಡಿದಳು, ಯಾರೋ ಗಿರಾಕಿ ಎಂದು ಬಿಟ್ಟಳು. ಒಬ್ಬರಿಗಾಗಿ ಒಬ್ಬರು ಕಣ್ಣು ಮಾಡಿಸಿಕೊಂಡವರಿಗೆ ಒಬ್ಬರ ಗುರುತು ಒಬ್ಬರಿಗೆ ಹತ್ತಲಿಲ್ಲ.

ಆತ್ಯಾ ಬಾಜಾರದ ನಡುವೆ ನಿಂತಳು. ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ಜನ ಆಚೆ ಈಚೆ ಸರಿದು ಹೋಗುತ್ತಿದ್ದರು. ಯಾರೋ ಗಿರಾಕಿ ಹಣ್ಣು ಕೇಳಿದ. “ಇದು ಇವತ್ತಿಗಿ ತಿನ್ನಾಕ, ಅದು ನಾಡದಿಗಿ” ಎಂದಿತು ಒಂದು ದನಿ. ಆತ್ಯಾ ಕಣ್ಣು ಮುಚ್ಚಿಕೊಂಡೇ ಆ ಕಡೆ ತಿರುಗಿದಳು, ನಡೆದಳು, ಗೋಣಿತಟ್ಟಿನ ಅಂಚು ಕಾಲಿಗೆ ತಗುಲಿದಾಗ ನಿಂತು ಕಣ್ಣು ಬಿಟ್ಟಳು.

“ಬಂಡೆಮ್ಮ” ಎಂದಳು.

ಬಂಡೆಮ್ಮ ದನಿ ಕೇಳಿ ತಲೆ ಎತ್ತಿದಳು. ಇಬ್ಬರೂ ನೋಡಿದರು. ಎಷ್ಟು ಹೊತ್ತು ನೋಡಿದರು ಎಂದು ನಾನು ಹೇಳಲಾರೆ. ಗಿರಾಕಿ ಹಣ್ಣು ಹಿಡಿದು ನಿಂತೇ ಇದ್ದ.

“ಬಾಯಾರ, ಆರಾಮ್ ಅದೀರಿ?” ಎಂದಳು ಬಂಡೆಮ್ಮ.

ನಾನು ಹುಟ್ಟಿದಾಗಿನಿಂದ ಆ ಪ್ರಶ್ನೆಗೆ ಆತ್ಯಾ ಒಂದೇ ಉತ್ತರ ಕೊಟ್ಟಿದ್ದನ್ನು ನಾನು ಕೇಳಿದ್ದೆ.

“ಎಲ್ಲೀ ಆರಾಮ, ಬಂಡೆಮ್ಮ” ಎಂದಳು ಆತ್ಯಾ. “ಮೊಣಕಾಲು ಭಾಳ ನೋಯ್ತಾವ. ರಾತ್ರಿ ನಿದ್ದಿ ಹತ್ತಂಗಿಲ್ಲ.”

ಬಂಡೆಮ್ಮ ಹಣ್ಣಿನ ಗುಡ್ಡೆಯನ್ನು ಆ ಬದಿಗೆ ಸರಿಸಿ, ಗೋಣಿತಟ್ಟಿನ ಅರ್ಧ ಖಾಲಿ ಮಾಡಿದಳು. “ಕುಂದರ್ರಿ” ಎಂದಳು. “ನನಗೂ ನೋಯ್ತಾವ.”

ಆತ್ಯಾ ಮೊಣಕಾಲು ಹಿಡಿದುಕೊಂಡು, ಬಂಡೆಮ್ಮನ ಹೆಗಲಿನ ಮೇಲೆ ಕೈ ಊರಿ ನಿಧಾನಕ್ಕೆ ಕೂತಳು.